ಮುಚ್ಚಳ ತೆಗೆಯದ ಸೀಸೆ

"ಒಳಗ ಬರಬ್ಯಾಡ್ರಿ!"

ಕೊಪ್ಪಳದ ಆಸ್ಪತ್ರೆಯ ಮಕ್ಕಳ ವಾರ್ಡಿನ ಬಾಗಿಲಲ್ಲಿ ಗಂಡ ಹಾಲೇಶನನ್ನು ಕಂಡದ್ದೇ ತಡ, ಅಮೃತಾ ಸಿಡಿದಳು. ಹೆರಿಗೆಯಾಗಿ ತವರಿಗೆ ಹೋದ ಮೇಲೆ ಇವತ್ತೇ ಅವನ ಮುಖ ಕಂಡದ್ದು!

ಅವನು ಹೊಸ್ತಿಲಲ್ಲೇ ನಿಂತ. ಮೂಗು, ಬಾಯಿಗೆ ಟವೆಲ್ಲು ಬಿಗಿದಿದ್ದ.

ಮಂಚದ ಮೇಲೆ ಎರಡು ತಿಂಗಳ ಹೆಣ್ಣುಕೂಸು. ನಿಮೋನಿಯಾ. ಮೂಗಿಗೆ ಆಕ್ಸಿಜನ್ ನಳಿಕೆ. ಉಸಿರೆಳೆದಾಗೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಅಮೃತಾ ಏನು ಮಾಡಬಲ್ಲಳು? ನೋಡುತ್ತ ಕೂರಬೇಕು, ಅಷ್ಟೇ...

ಅವಳ ಮುಷ್ಟಿಯಲ್ಲಿ ಪುಟ್ಟ ಸೀಸೆ. ವಿಟಮಿನ್ ಡಿ ಹನಿ. ಕೂಸಿಗೆ ದಿನಾ ಹಾಕಲು ಡಾಕ್ಟರು ಬರೆದುಕೊಟ್ಟಿದ್ದು. ಹಾಲೇಶ ಅದನ್ನು ಕುಷ್ಟಗಿ ಬಸ್ಸಿನ ಕಂಡಕ್ಟರ್ ಅಬ್ದುಲಸಾಬರ ಕೈಲಿ ಕಳಿಸಿದ್ದ.

'ಹೆಣ್ಣು ಹುಟ್ಟಿತೆಂದು ಮುಖ ತೋರಿಸದವನಿಗೆ ಈ ಉಪಕಾರ ಬೇರೆ!' ಎಂದು ಅವಳು ಅದನ್ನು ಮುಚ್ಚಳವನ್ನೂ ತೆಗೆಯದೆ ಗೋಡೆಯ ಗೂಡಿಗೆ ತಳ್ಳಿದ್ದಳು. ಬಾಣಂತಿ ಕೋಣೆಗೆ ಬಿಸಿಲೂ ಇರಲಿಲ್ಲ; ಕಿಟಕಿಗೆ ಕಂಬಳಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

"ಹನಿ ಹಾಕಿದ್ರ ಹಿಂಗ ಆಗ್ತಿರಲಿಲ್ಲೇನ್ರಿ?" ಎಂದು ಬೆಳಿಗ್ಗೆ ಡಾಕ್ಟರಮ್ಮನನ್ನು ಕೇಳಿದ್ದಳು.

"ಅದನ್ನ ಯಾರೂ ಖಾತ್ರಿ ಹೇಳಾಕ ಆಗೂದಿಲ್ಲವಾ. ಎಲುಬಿಗಂತೂ ಬೇಕ ಬೇಕು. ಇನ್ಮ್ಯಾಲೆ ತಪ್ಪಸಬ್ಯಾಡ."

ಹೌದೆಂದಿದ್ದರೆ ಅತ್ತು ಮುಗಿಸಬಹುದಿತ್ತು. ಇಲ್ಲವೆಂದಿದ್ದರೆ ಉಸಿರಾಡಬಹುದಿತ್ತು. ಈಗ ಎರಡೂ ಇಲ್ಲ.

"ಹೆಣ್ಣಂತ ಬರಲಿಲ್ಲಲ್ರಿ ನೀವು?" ಎಂದು ಹೊಸ್ತಿಲಲ್ಲಿದ್ದ ಗಂಡನನ್ನು ಕೇಳಿದಳು.

ಹಾಲೇಶನ ಕಣ್ಣು ತುಂಬಿದವು. "ಎರಡು ಸಲ ಬಂದಿದ್ನೆ, ಅಮೃತಾ! ಎರಡೂ ಸಲ ನೆಗಡಿ, ಕೆಮ್ಮು. ಕೂಸಿಗೆ ಹತ್ತೀತು ಅಂತ ನಿಮ್ಮವ್ವ ಅಂಗಳದಾಗಿಂದ ಹೊಳ್ಳಿ ಕಳಿಸಿದ್ರು. ನನಗೂ ಅದು ಖರೇ ಅನಿಸ್ತು. ಫೋನ್ ಮಾಡಿದ್ರ ನೀ ಎತ್ತಲಿಲ್ಲ..."

ಮೂಲೆಯಲ್ಲಿದ್ದ ತಾಯಿ ವಿರೂಪಾಕ್ಷಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಹೇಳಿದ್ರ ನೀ ಹೊರಗ ಓಡಿ ಬರ್ತಿದ್ದೆವ್ವ. ಹಸೀ ಬಾಣಂತಿ..."

ಅಮೃತಾಳ ಸಿಟ್ಟೆಲ್ಲ ಇಳಿದುಹೋಯಿತು. ಬರೀ ಭಯ ಉಳಿಯಿತು. ಕೂಸಿನ ಹತ್ತಿರ ಬರಬಾರದೆಂದು ದೂರ ನಿಂತವನನ್ನೇ ಅವಳು ಕಲ್ಲೆದೆಯವನೆಂದು ಬಗೆದಿದ್ದಳಲ್ಲ!

"ಈಗ ಕೆಮ್ಮು?"

"ಇಲ್ಲ. ಆದ್ರೂ ಅಂಜಿಕಿ ಆಗತೈತಿ."

"ಕೈ ತೊಳಕೊಂಡು ಬರ್ರಿ... ನಿಮ್ಮ ಮಗಳನ್ನ ನೋಡ್ರಿ."

ಅವನು ಬಂದು ಕೂಸಿನ ಪಾದ ಮುಟ್ಟಿದ. ಅದು ಹಾಗೇ ಏದುಸಿರು ಬಿಡುತ್ತಿತ್ತು.

"ಡಾಕ್ಟರಮ್ಮ ಹೂಂ ಅಂದ ದಿನ ಮೊದಲ ಹನಿ ನೀವ ಹಾಕ್ರಿ," ಎಂದಳು.

"ನನ್ನ ಕೈ ನಡಗತಾವ, ಅಮೃತಾ."

ಅವಳು ಸೀಸೆಯನ್ನು ಅವನ ಅಂಗೈಯಲ್ಲಿಟ್ಟು ಅದರ ಮೇಲೆ ತನ್ನ ಕೈ ಮುಚ್ಚಿದಳು.

"ನನ್ನವೂ ನಡಗತಾವ್ರಿ. ಇಬ್ರೂ ಕೂಡೇ ಹಿಡಿಯೂಣು."