ನಾಲ್ಕು ಹಲ್ಲಿನ ನ್ಯಾಯ

"ಭಾವ, ಫೋಟೋದಲ್ಲಿ ಮಾತ್ರ ನಗಬೇಡಿ. ಮಕ್ಕಳು ಹೆದರ್ಕೋತಾರೆ."

ಬಾಮೈದ ಇದನ್ನು ಹೇಳಿದ್ದು ನೆಂಟರೆಲ್ಲರ ಎದುರಿಗೆ. ಭಾವನಾದ ಕೋರ್ಟಿನ ಸ್ಟೆನೋ ಉಳಿದಿದ್ದ ನಾಲ್ಕೇ ಹಲ್ಲುಗಳನ್ನು ಕಚ್ಚಿಕೊಂಡ. ಹೊಸ ಹಲ್ಲು ಕಟ್ಟಿಸಲೇಬೇಕು, ಅದೂ ಇವನ ದುಡ್ಡಿನಲ್ಲೇ ಎಂದು ಅಂದೇ ನಿಶ್ಚಯಿಸಿದ.

ಬಾಮೈದ ಪರವಾನಗಿ ಕಚೇರಿಯ ಅಧಿಕಾರಿ. ಲಂಚವನ್ನು ಕೈಯಿಂದ ಮುಟ್ಟದಷ್ಟು ಮಡಿವಂತ. ಕೊಡುವವರೇ ಅವನ ಮಹಡಿ ಮನೆಗೆ ಬಂದು ಮೂಲೆಯ ಹೂದಾನಿಗೆ ಹಾಕಿ ಹೋಗಬೇಕು. ಕೆಳಗಿನ ಮನೆಯಲ್ಲಿದ್ದ ಸ್ಟೆನೋಗೆ ಇದು ಗೊತ್ತಿತ್ತು.

ಕಾನೂನೂ ಗೊತ್ತಿತ್ತು. ಅಕ್ರಮ ಹಣದ ಮೊಕದ್ದಮೆಯೊಂದರಲ್ಲಿ ನ್ಯಾಯಾಧೀಶರು ಬರೆಸಿದ ಮಾತು ಅವನಿಗೆ ಬಾಯಿಪಾಠವಾಗಿತ್ತು: ಮೂಲ ಅಪರಾಧವೇ ಇಲ್ಲದಿದ್ದರೆ ಹಣವನ್ನು ಅಪರಾಧದ ಗಳಿಕೆ ಎನ್ನಲಾಗದು. ಲಂಚದ ದುಡ್ಡು ಕಳುವಾಯಿತೆಂದು ಯಾರಾದರೂ ದೂರು ಕೊಡುತ್ತಾರೆಯೇ? ದೂರಿಲ್ಲ, ಆದ್ದರಿಂದ ಅಪರಾಧವಿಲ್ಲ, ಆದ್ದರಿಂದ ಹಲ್ಲು ನಿಷ್ಕಳಂಕ. ತೀರ್ಪಿನಲ್ಲಿ ಮುಂದೇನಿತ್ತೋ, ಅಷ್ಟರಲ್ಲಿ ಊಟದ ಬಿಡುವಾಗಿ, ಉಳಿದದ್ದನ್ನು ಬೇರೊಬ್ಬ ಬರೆದುಕೊಂಡಿದ್ದ.

ಒಂದು ಬೆಳಿಗ್ಗೆ ಹೂದಾನಿಗೆ ದಪ್ಪನೆಯ ಕಟ್ಟು ಬಿತ್ತು. ಬಾಮೈದ ಸ್ನಾನಕ್ಕೆ ಹೋದದ್ದೇ ತಡ, ಸ್ಟೆನೋ ಅದನ್ನು ತಂದು, ಬಾಗಿಲು ಹಾಕಿಕೊಂಡು, ಒಂದೊಂದೇ ನೋಟು ಎಣಿಸಿ ಟಿಫಿನ್ ಡಬ್ಬಿಗೆ ತುಂಬಿದ. ಲಂಚದ ನೋಟಿಗೆ ಪೊಲೀಸರು ಪುಡಿ ಸವರುವುದುಂಟು, ಮುಟ್ಟಿದ ಬೆರಳನ್ನು ಸೋಡಾ ನೀರಿಗೆ ಅದ್ದಿದರೆ ನೀರು ಗುಲಾಬಿಯಾಗುತ್ತದೆ. ಇಂಥ ತೀರ್ಪುಗಳನ್ನು ಎಷ್ಟು ಟೈಪು ಮಾಡಿಲ್ಲ! ಚಾಪೆಯ ಕೆಳಗಲ್ಲ, ರಂಗೋಲಿಯ ಕೆಳಗೆ ತೂರುವವನು ತಾನು. ಮೊಣಕೈವರೆಗೂ ಸೋಪು ಹಚ್ಚಿ ತೊಳೆದ.

ಸ್ವಲ್ಪ ಹೊತ್ತಿಗೆ ಪೊಲೀಸರು ಬಂದೇಬಿಟ್ಟರು. ದುಡ್ಡು ಕೊಟ್ಟವನೇ ಮುಂಚಿತವಾಗಿ ದೂರು ಕೊಟ್ಟಿದ್ದ. ಹೂದಾನಿ ಖಾಲಿ. ಮೇಜಿನ ಮೇಲೆ ಸೋಡಾ ನೀರಿನ ಲೋಟಗಳನ್ನಿಟ್ಟು, ಕೆಳಗಿನ ಮನೆಯವರನ್ನೂ ಕರೆಸಿ ಎಲ್ಲರ ಬೆರಳೂ ಅದ್ದಿಸಿದರು. ಬಾಮೈದನ ನೀರು ತಿಳಿಯಾಗಿಯೇ ಉಳಿಯಿತು. ಸ್ಟೆನೋನದೂ.

"ಲಂಚ ಮುಟ್ಟಿದೋರಿಗೆ ತಾನೇ ಸಾರ್ ಶಿಕ್ಷೆ?" ಸ್ಟೆನೋ ಹಗುರವಾಗಿ ಕೇಳಿದ.

"ಯಾರು ಹೇಳಿದ್ದು? ಅಪರಾಧ ಒಬ್ಬರದಾಗಿರ್ಲಿ, ಗೊತ್ತಿದ್ದೂ ಆ ದುಡ್ಡು ಬಚ್ಚಿಟ್ಟೋರೂ ಒಳಗೇ," ಎಂದರು ಬಿಳಿ ಅಂಗಿಯ ಇನ್ಸ್‌ಪೆಕ್ಟರು.

ಊಟದ ಬಿಡುವಿನ ನಂತರದ ಪುಟ ಅದೇ ಇರಬೇಕು. ಸ್ಟೆನೋನ ಗಂಟಲು ಒಣಗಿತು. ಕೈಗೆ ಸಿಕ್ಕ ಲೋಟ ಎತ್ತಿ ಗಟಗಟನೆ ಬಾಯಿಗೆ ಸುರಿದುಕೊಂಡ. ಅದು ಕುಡಿಯುವ ನೀರಲ್ಲ. ಕೆಮ್ಮಿ ಉಗಿದದ್ದೆಲ್ಲ ಇನ್ಸ್‌ಪೆಕ್ಟರ ಅಂಗಿಯ ಮೇಲೆ ಗುಲಾಬಿಯಾಗಿ ಅರಳಿತು. ಸ್ಟೆನೋ ಹಲ್ಲು ಕಿರಿದ. ನಾಲ್ಕೂ ಗುಲಾಬಿ.

"ಭಾವ, ನಗಬೇಡಿ ಅಂದಿದ್ದೆ," ಎಂದ ಬಾಮೈದ.

ವರ್ಷಗಟ್ಟಲೆ ಕೋರ್ಟಿನ ಹಾಳೆ ತಿರುವಿದ ಬೆರಳು. ನೋಟು ಎಣಿಸುವಾಗಲೂ ಒಂದೊಂದಕ್ಕೂ ನಾಲಿಗೆಗೆ ಹೋಗಿ ಬಂದಿತ್ತು. ಮೊಣಕೈವರೆಗೂ ತೊಳೆದಿದ್ದ ಸ್ಟೆನೋ ಬಾಯಿ ಮುಕ್ಕಳಿಸಿರಲಿಲ್ಲ.