ಹತ್ತೊಂಬತ್ತನೇ ವೀಕ್ಷಣಾ ಬಾವಿ

ಸೋಮವಾರ ಬೆಳಿಗ್ಗೆ 10.20ಕ್ಕೆ ಭೂವೈಜ್ಞಾನಿಕ ಸಮೀಕ್ಷಾ ಇಲಾಖೆಯ ಅಧಿಕಾರಿಣಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಅಂತರ್ಜಲ ಅಳೆಯಲು ಇಲಾಖೆ ಕೊರೆಸಿದ ಹತ್ತೊಂಬತ್ತನೇ ವೀಕ್ಷಣಾ ಬಾವಿಯಿಂದ, ಗಂಟೆಗೊಮ್ಮೆ ನೀರಿನ ಮಟ್ಟ ದಾಖಲಿಸುವ ಯಂತ್ರ ಕಾಣೆಯಾಗಿತ್ತು. ಮುಚ್ಚಳದ ಬೀಗ ಮುರಿದಿರಲಿಲ್ಲ.

"ಬೀಗದ ಕೈ ಯಾರ ಹತ್ರ ಇರುತ್ತೆ?" ಇನ್ಸ್‌ಪೆಕ್ಟರ್ ಕೇಳಿದರು.

"ಒಂದು ನನ್ನ ಹತ್ರ, ಒಂದು ಅಳತೆಗಾರರ ಹತ್ರ. ಪ್ರತಿ ತಿಂಗಳು ಒಂದನೇ ತಾರೀಕು ಎಂಟು ಗಂಟೆಗೆ ಟೇಪ್ ಇಳಿಸಿ ಮಟ್ಟ ಬರ್ಕೊಳ್ಳೋರು ಅವರೇ."

"ಹಾಗಾದ್ರೆ ಕೆಲಸ ಸುಲಭ ಆಯ್ತು."

"ಅವರಲ್ಲ ಸಾರ್. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಂಕಿ ತಿದ್ದಿಲ್ಲ."

"ಪ್ರತಿ ಕೇಸಲ್ಲೂ ಹೀಗೆ ಹೇಳೋರು ಒಬ್ರು ಇದ್ದೇ ಇರ್ತಾರೆ ಮೇಡಂ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 12.00ಕ್ಕೆ ಸ್ಥಳದ ಪಂಚನಾಮೆ. ಬಾವಿ ಎಂದರೆ ನೆಲದಿಂದ ಮೊಳದೆತ್ತರ ಎದ್ದು ನಿಂತ ಕಬ್ಬಿಣದ ಕೊಳವೆ, ಬಾಯಿ ಅರ್ಧ ಗೇಣು. ಠಾಣೆಯವರೆಲ್ಲ ‘ಮೀಸೆ’ ಎಂದು ಕರೆಯುವ ಮುಖ್ಯ ಪೇದೆ ಬಗ್ಗಿ ನೋಡಿದ.

"ಇದರೊಳಗೆ ಕಳ್ಳ ಹೇಗೆ ಇಳಿದ ಸಾರ್?"

"ಇಳಿದಿಲ್ಲ, ತಂತಿ ಹಿಡಿದು ಎಳೆದಿದ್ದಾನೆ. ನೀನೇನೂ ಇಳಿಯೋಕೆ ಹೋಗ್ಬೇಡ, ಸಿಕ್ಕಾಕೊಂಡ್ರೆ ಇನ್ನೊಂದು ಎಫ್‌ಐಆರ್."

ಅಧಿಕಾರಿಣಿ ಹಗ್ಗ ಕಟ್ಟಿದ ಬಾಟಲಿ ಇಳಿಸಿ ನೀರು ತೆಗೆದರು. ಅಲ್ಲಾಡಿಸಿದಾಗ ನೊರೆ ಬಂತು. ನೀರಿಗೆ ತೆಳು ನೀಲಿ ಛಾಯೆ ಇತ್ತು. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. ಬಾಟಲಿಗೆ ಮೊಹರು ಬಿತ್ತು.

ಯಂತ್ರ ಹೋಗಿದ್ದರೂ ಅದರಿಂದ ಎರಡು ವಾರದ ಹಿಂದೆ ಇಳಿಸಿಕೊಂಡ ದಾಖಲೆ ಇಲಾಖೆಯ ಕಂಪ್ಯೂಟರಿನಲ್ಲಿತ್ತು. ಅದನ್ನು ಯಾರೂ ತೆರೆದು ನೋಡಿರಲಿಲ್ಲ. ಸಂಜೆ 4.10ಕ್ಕೆ ತೆರೆದರು. ತಿಂಗಳಿಡೀ ನೀರು ಇಪ್ಪತ್ಮೂರು ಮೀಟರ್ ಆಳದಲ್ಲಿದೆ. ಒಂದನೇ ತಾರೀಕು ಮಾತ್ರ ಏಳಕ್ಕೂ ಎಂಟಕ್ಕೂ ನಡುವೆ ಹದಿನೆಂಟಕ್ಕೆ ಏರಿ, ಸಂಜೆಯ ಹೊತ್ತಿಗೆ ಮತ್ತೆ ಇಪ್ಪತ್ಮೂರಕ್ಕೆ ಇಳಿದಿದೆ. ಹಿಂದಿನ ಮೂರು ತಿಂಗಳೂ ಹಾಗೇ.

"ಯಾರೋ ನೀರು ಸುರಿದಿದ್ದಾರೆ," ಎಂದರು ಅಧಿಕಾರಿಣಿ. "ಸಣ್ಣ ಕೊಳವೆ ಸಾರ್, ಐದು ಕ್ಯಾನ್ ಸಾಕು."

"ಸುರಿದು ಏನು ಲಾಭ?"

"ಒಂದನೇ ತಾರೀಕಿನ ಅಳತೆ ಇಪ್ಪತ್ತು ಮೀಟರಿಗಿಂತ ಕೆಳಗೆ ಹೋದ್ರೆ ಸುತ್ತಮುತ್ತ ಹೊಸ ಬೋರ್‌ವೆಲ್‌ಗೆ ಅನುಮತಿ ಇಲ್ಲ."

ಆ ನಾಲ್ಕೂ ದಿನ ಅಳತೆಗಾರ 7.10ಕ್ಕೆ ಕಚೇರಿಯಲ್ಲಿ ಸಹಿ ಮಾಡಿ ಟೇಪ್ ಪಡೆದು, ಊರಿನ ಆ ತುದಿಯಿಂದ ಇಲಾಖೆಯ ಜೀಪಿನಲ್ಲೇ ಬಂದಿದ್ದ. ಚಾಲಕನೂ ಹಾಗೇ ಹೇಳಿದ.

"ಅವನಾಗಿದ್ರೆ ಕ್ಯಾನ್ ಯಾಕೆ ಹೊರಬೇಕು?" ಇನ್ಸ್‌ಪೆಕ್ಟರ್ ಮೀಸೆಯ ಕಡೆ ತಿರುಗಿದರು. "ಸುಳ್ಳು ಬರೆಯೋನಿಗೆ ಪೆನ್ನು ಸಾಕು. ಅವನು ಬರೆಯಲ್ಲ ಅಂತ ಗೊತ್ತಿರೋರು ಯಾರೋ ಇದ್ದಾರೆ."

ಬಾವಿಯಿರುವ ಬಡಾವಣೆಯಿಂದ ಹೊಸ ಬೋರ್‌ವೆಲ್‌ಗೆ ಎರಡೇ ಅರ್ಜಿ ಬಂದಿದ್ದವು. ಒಂದು ಶಾಲೆಯದು. ಇನ್ನೊಂದು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯದು. ಅದರ ಒಡತಿ ಅಳತೆಗಾರನ ಸ್ವಂತ ಅಕ್ಕ. ಅವನ ವಾಸ ಅದರ ಮಹಡಿಯ ಮೇಲೆ.

ಮಂಗಳವಾರ 9.30ಕ್ಕೆ ಅವನನ್ನು ಠಾಣೆಗೆ ಕರೆಸಿದರು.

"ಬೀಗದ ಕೈ ಎಲ್ಲಿಡ್ತೀರಿ?"

"ಅಕ್ಕನ ಅಡುಗೆಮನೆ ಮೊಳೆಗೆ ನೇತಾಕ್ತೀನಿ ಸಾರ್."

"ಅಂಕಿ ತಿದ್ದು ಅಂತ ಅಕ್ಕ ಕೇಳಿದ್ರಾ?"

ಅವನು ಗೋಡೆ ನೋಡಿದ. "ಒಂದ್ಸಲ."

"ನೀವೇನು ಮಾಡಿದ್ರಿ?"

"ತಟ್ಟೆ ಬಿಟ್ಟು ಎದ್ದೆ."

11.15ಕ್ಕೆ ಲಾಂಡ್ರಿಯ ಶೋಧ ನಡೆಯಿತು. ಅಂಗಳದ ಬಾವಿಯ ಪಂಪು ಗಾಳಿ ಎಳೆಯುತ್ತಿತ್ತು. ಹೆಂಗಸರು ಮೂರು ತೊಟ್ಟಿಗಳಲ್ಲಿ ಅದೇ ನೀರನ್ನು ತಿರುಗಿಸಿ ಹಾಸಿಗೆ ಬಟ್ಟೆ ಜಾಲಿಸುತ್ತಿದ್ದರು. ಕೊನೆಯ ತೊಟ್ಟಿಯಲ್ಲಿ ಬಟ್ಟೆಗೆ ಹಾಕುವ ನೀಲಿ. ಇಸ್ತ್ರಿ ಇದ್ದಿಲಿನ ಮೂಟೆಯೊಳಗೆ ಯಂತ್ರ ಸಿಕ್ಕಿತು. ಪಂಚರ ಸಹಿ ಆಯಿತು.

"ಸುರಿಯೋದಾದ್ರೆ ಒಳ್ಳೆ ನೀರಾದ್ರೂ ಸುರೀಬಾರದಾ ಅಮ್ಮಾ?" ಮೀಸೆ ಒಡತಿಯನ್ನು ಕೇಳಿದ.

"ಒಳ್ಳೆ ನೀರಿದ್ದಿದ್ರೆ ನಾನ್ಯಾಕಪ್ಪ ಸುರೀತಿದ್ದೆ?"

12.05ಕ್ಕೆ ಬಂಧನ. ಹೇಳಿಕೆಯಲ್ಲಿ ಆಕೆ ಏನನ್ನೂ ಮುಚ್ಚಿಡಲಿಲ್ಲ. ನಾಲ್ಕು ತಿಂಗಳಿಂದ ಸುರಿದಿದ್ದಳು. ನೀರಿಲ್ಲದೆ ಆಸ್ಪತ್ರೆಯ ಬಟ್ಟೆ ಕೈತಪ್ಪಿದರೆ ಎಂಟು ಹೆಂಗಸರು ಮನೆಗೆ ಹೋಗಬೇಕು, ಅವರಲ್ಲಿ ಐವರಿಗೆ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ. ಯಂತ್ರ ತಾನಾಗಿಯೇ ಬರೆದುಕೊಳ್ಳುತ್ತದೆ ಎಂದು ಊಟದ ಹೊತ್ತಿನಲ್ಲಿ ತಮ್ಮ ಹೇಳಿದ ಮರುದಿನ ಅದನ್ನು ಕಿತ್ತಿದ್ದಳು.

"ಅವನ ಕೈಲಿ ಸುಳ್ಳು ಬರೆಸೋಕಾಗಲ್ಲ ಸಾರ್. ನಾನೇ ಹಾಗೆ ಬೆಳೆಸಿದ್ದು. ಅದಕ್ಕೇ ನೀರಿನ ಕೈಲಿ ಹೇಳಿಸ್ದೆ."

ಅಳತೆಗಾರ ಅಕ್ಕನ ಬಟ್ಟೆಯ ಚೀಲ ಹಿಡಿದು ಠಾಣೆಗೆ ಬಂದಿದ್ದ. ಇನ್ಸ್‌ಪೆಕ್ಟರ್ ಅವನ ರಿಜಿಸ್ಟರು ತೆರೆದರು. ಗುಂಡು ಅಕ್ಷರ, ಒಂದೂ ತಿದ್ದುಪಡಿಯಿಲ್ಲ.

"ಟೇಪ್ ಮೇಲೆ ಎಳೆದಾಗ ನೊರೆ ಅಂಟಿರಲಿಲ್ವಾ?"

ಅವನು ಚೀಲವನ್ನು ಬೆಂಚಿನ ಮೇಲಿಟ್ಟ. "ಅಂಟಿತ್ತು ಸಾರ್."

"ಎಷ್ಟು ಸಲ?"

"ನಾಲ್ಕು ಸಲಾನೂ."

ಇನ್ಸ್‌ಪೆಕ್ಟರ್ ಕೊನೆಯ ಕಾಲಂ ಮೇಲೆ ಬೆರಳಿಟ್ಟರು. ಷರಾ, ಅಳೆಯುವಾಗ ಬೇರೇನು ಕಂಡಿತೆಂದು ಬರೆಯುವ ಜಾಗ. ನಾಲ್ಕೂ ತಿಂಗಳು ಖಾಲಿ.

"ಅಳತೆಯಲ್ಲಿ ಯಾವತ್ತೂ ಸುಳ್ಳು ಬರೆದಿಲ್ಲ ಸಾರ್ ನಾನು," ಎಂದ ಅವನು.

"ನಾನು ಅದನ್ನ ಕೇಳಲಿಲ್ಲ," ಎಂದು ಇನ್ಸ್‌ಪೆಕ್ಟರ್ ಹೇಳಿಕೆ ಬರೆಯಲು ಹೊಸ ಹಾಳೆ ತೆಗೆದರು.