ಇನ್ನು ನಾಲ್ಕು ನಿಮಿಷ

ಕಾರು ಕೊಳ್ಳಲು ಬಂದವನು ಬಾನೆಟ್ ಎತ್ತಲಿಲ್ಲ. ಟೈರಿಗೆ ಒದ್ದು ನೋಡಲಿಲ್ಲ. ಎಷ್ಟು ಕಿಲೋಮೀಟರ್ ಓಡಿದೆ ಎಂದೂ ಕೇಳಲಿಲ್ಲ. ಅಜ್ಜಂಪುರದ ಆ ಮನೆಯ ಅಂಗಳದಲ್ಲಿ, ಬಿಳಿ ಕಾರಿನ ಮುಂದೆ ನಿಂತು ನಂಬರ್ ಪ್ಲೇಟನ್ನೇ ನೋಡುತ್ತಿದ್ದ.

"ಏನ್ರೀ, ನಂಬರ್ ಓದೋಕೆ ಬಂದ್ರಾ, ಕಾರು ನೋಡೋಕೆ ಬಂದ್ರಾ?" ತೀರ್ಥಮ್ಮ ಜಗಲಿಯ ಮೇಲಿಂದಲೇ ಕೇಳಿದಳು.

"ನೋಡ್ದೆ ಅಮ್ಮಾರೆ. ಎಷ್ಟು?"

"ಒಂದು ಎಂಬತ್ತು."

ಮಗಳು ಕೃತಿಕಾ ಮೊಬೈಲಿನಲ್ಲಿ ಜಾಹೀರಾತು ಹಾಕುವಾಗ ಒಂದೂವರೆ ಲಕ್ಷ ಬಂದರೆ ಸಾಕು ಎಂದಿದ್ದಳು. ಚೌಕಾಸಿಗೆ ಇರಲಿ ಎಂದು ತೀರ್ಥಮ್ಮನೇ ಮೂವತ್ತು ಸಾವಿರ ಏರಿಸಿದ್ದಳು.

"ಆಯ್ತು," ಎಂದ ಅವನು. ಕಂಕುಳಲ್ಲಿದ್ದ ಬಟ್ಟೆಚೀಲ ಬಿಚ್ಚಿದ. ಐನೂರರ ಕಟ್ಟುಗಳು.

ತೀರ್ಥಮ್ಮನಿಗೆ ರೇಗಿತು. ಅರವತ್ತೊಂದು ವರ್ಷದಲ್ಲಿ ಅವಳು ಇಂಥ ವ್ಯಾಪಾರ ಕಂಡಿರಲಿಲ್ಲ.

"ಎಂಥ ಗಂಡಸ್ರೀ ನೀವು? ಸಂತೇಲಿ ಕಾಲು ಕೆಜಿ ಬದನೆಕಾಯಿಗೂ ಜನ ಹತ್ತು ನಿಮಿಷ ಜಗಳ ಆಡ್ತಾರೆ. ಕದ್ದ ದುಡ್ಡಾ?"

"ರಿಟೈರಾದಾಗ ಬಂದಿದ್ದು. ಕ್ಯಾಶ್ ಕೊಟ್ರೆ ತಕರಾರಿರಲ್ಲ ಅಂದ್ಕೊಂಡೆ."

"ಕ್ಯಾಶ್!" ಆ ಮಾತು ಅವಳ ಬಾಯಿಂದ ಉಗುಳಿದಂತೆ ಬಂತು. "ಡ್ರೈವಿಂಗ್ ಬತ್ತದಾ?"

"ಇಲ್ಲ."

"ಮನೇಲಿ ಯಾರಿಗಾದ್ರೂ?"

"ಮನೇಲಿ ಯಾರೂ ಇಲ್ಲ. ನಮ್ಮನೆಯವಳು ಹೋಗಿ ಹದಿನಾಲ್ಕು ವರ್ಷ."

"ಮತ್ತೆ ಕಾರು ಯಾಕೆ? ಉಪ್ಪಿನಕಾಯಿ ಹಾಕ್ತೀರಾ?"

ಅವನು ನಕ್ಕ. ಆ ನಗು ತುಟಿಯಿಂದ ಕಣ್ಣಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅದನ್ನು ಗಮನಿಸಿದ್ದಕ್ಕೆ ತೀರ್ಥಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು.

"ಮಾರಲ್ಲ. ಹೋಗಿ," ಎಂದು ಬಾಗಿಲು ಹಾಕಿಕೊಂಡಳು.

ಕ್ಯಾಶ್ ಅಂದರೆ ಅವಳಿಗಾಗದು. ಹನ್ನೊಂದು ವರ್ಷದ ಹಿಂದೆ, ಈರುಳ್ಳಿಗೆ ರೇಟು ಬಂದ ಸಲ, ಅವಳ ಗಂಡ ರೇಣುಕಪ್ರಸಾದ್ ಮಗಳ ಮದುವೆಗೆಂದು ಇಟ್ಟ ದುಡ್ಡನ್ನು ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಹೋಗಿ, ಹೆಂಡತಿಗೆ ಒಂದು ಮಾತೂ ಹೇಳದೆ ಈ ಕಾರು ತಂದಿದ್ದ. ಸಾಲವಿಲ್ಲ, ಕಂತಿಲ್ಲ, ರಾಜನ ಹಾಗೆ ಓಡಿಸಬಹುದು ಎಂದಿದ್ದ. ಅವಳು ಮೂರು ತಿಂಗಳು ನೆಟ್ಟಗೆ ಮಾತಾಡಲಿಲ್ಲ. ಅವಳ ಕೋಪ ಇಳಿಸಲೆಂದು ಅಮೃತಮಹಲ್ ಕಾವಲಿನ ಬಯಲಿಗೆ ಕರೆದೊಯ್ದು ಡ್ರೈವಿಂಗ್ ಕಲಿಸಿದ. ಲೈಸೆನ್ಸೂ ಮಾಡಿಸಿದ. ಅವಳು ಕಲಿತಳು. ಕೋಪ ಮಾತ್ರ ಇಳಿಯಲಿಲ್ಲ.

ಮರುವರ್ಷ ಒಂದು ದಿನ ಮಧ್ಯಾಹ್ನ ಅವನಿಗೆ ಎದೆನೋವು ಬಂತು. ಅವಳೇ ಕಾರು ತೆಗೆದು ತರೀಕೆರೆಯ ಆಸ್ಪತ್ರೆಗೆ ಹೊರಟಳು. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಹಾರ್ನ್ ಹೊಡೆದಳು, ಇಳಿದು ಕೂಗಿದಳು, ಕೈ ಮುಗಿದಳು. ಗೇಟಿನವನು ತೆಗೆಯಲಿಲ್ಲ. ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದ ಅವನ ಮುಖವೂ ಅವಳಿಗೆ ಕಾಣಲಿಲ್ಲ. "ಇನ್ನು ನಾಲ್ಕು ನಿಮಿಷ ಅಮ್ಮಾ," ಎಂದದ್ದು ಮಾತ್ರ ಕಿವಿಯಲ್ಲಿ ಉಳಿಯಿತು.

ಆ ಗೇಟು ತೆಗೆದಿದ್ದರೆ ರೇಣುಕಪ್ರಸಾದ್ ಬದುಕುತ್ತಿದ್ದ ಎಂದು ಊರಿಗೆಲ್ಲ ಗೊತ್ತು. ಊರಿಗೆ ಅದನ್ನು ಹೇಳಿದವಳು ತೀರ್ಥಮ್ಮ. ಅಂದಿನಿಂದ ಅವಳು ಸ್ಟೀರಿಂಗ್ ಮುಟ್ಟಿಲ್ಲ. ಅಳಿಯ ಬಂದಾಗ ಓಡಿಸುತ್ತಾನೆ, ಉಳಿದಂತೆ ಕಾರು ಅಂಗಳದಲ್ಲಿ ನಿಂತಿರುತ್ತದೆ.

ಮುಂದಿನ ಮಂಗಳವಾರ ಅವನು ಮತ್ತೆ ಬಂದ. ಕಡೂರಿನಿಂದ, ಅದೇ ಚೀಲ ಹಿಡಿದು.

"ಮಾರಲ್ಲ ಅಂದ್ನಲ್ಲ!"

"ಮನಸ್ಸು ಬದಲಾಗಿರ್ಬೋದು ಅಂತ ಬಂದೆ. ಹೆಸ್ರು ಓಬಳಪ್ಪ ಅಂತ."

"ನಾನೇನು ಹೆಸ್ರು ಕೇಳಿದ್ನಾ?"

"ಕೇಳ್ಲಿಲ್ಲ. ಬೈಯೋಕೆ ಅನುಕೂಲ ಆಗ್ಲಿ ಅಂತ."

ಅವಳು ನಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು, ಅಷ್ಟೇ.

ಅವನು ಬಾವಿಕಟ್ಟೆಯ ಬಕೆಟ್ಟು ತಾನೇ ಎತ್ತಿಕೊಂಡು ಕಾರಿನ ಮೇಲೆ ಬಿದ್ದ ಬೇವಿನೆಲೆ ತೊಳೆದ. ಗಾಜು ಒರೆಸಿದ. ಒರೆಸುತ್ತಾ ಒರೆಸುತ್ತಾ ಕೈ ನಿಧಾನವಾಯಿತು. ಗಾಜಿನಲ್ಲಿ ಜಗಲಿ ಕಾಣುತ್ತಿತ್ತು, ಜಗಲಿಯ ಮೇಲೆ ಅವಳು. ಅವನು ಅಲ್ಲಿ ತನ್ನನ್ನೇ ನೋಡುತ್ತಿದ್ದಾನೆಂದು ಅವಳಿಗೆ ಅದೇ ಗಾಜಿನಲ್ಲಿ ಗೊತ್ತಾಯಿತು. ಕೂಡಲೇ ಎದ್ದು ಹೋಗಬೇಕಿತ್ತು. ಎದ್ದಳು, ಆದರೆ ಎರಡು ಲೋಟ ಕಾಫಿ ಹಿಡಿದು ವಾಪಸ್ ಬಂದಳು.

"ಒಬ್ರೇ ಕೂತು ಏನ್ ಮಾಡ್ತೀರಿ ಕಡೂರಲ್ಲಿ?"

"ನಡೆದಿದ್ದೆಲ್ಲ ನೆನೆಸ್ಕೊತೀನಿ. ಮೂವತ್ನಾಲ್ಕು ವರ್ಷ ಒಂದೇ ಕಡೆ ಕೂತಿದ್ದೆ ಅಮ್ಮಾರೆ. ಜನ ಹೋಗ್ತಿದ್ರು, ಬತ್ತಿದ್ರು. ಎಲ್ಲಿಗೆ ಹೋಗ್ತೀರಿ ಅಂತ ಒಬ್ರನ್ನೂ ಕೇಳ್ಲಿಲ್ಲ. ಅರವತ್ತಾರಾದ ಮೇಲೆ ಕೇಳ್ಬೇಕು ಅನ್ಸುತ್ತೆ."

"ಎಂಥ ಕೆಲಸ ಅದು?"

"ಸರ್ಕಾರಿ ಕೆಲಸ."

"ಹಂಗಾದ್ರೆ ಸರಿ. ಸರ್ಕಾರಿ ಕೆಲಸದಲ್ಲಿ ಎಲ್ರೂ ಕೂತೇ ಇರ್ತಾರೆ."

ಅವನು ಜೋರಾಗಿ ನಕ್ಕಾಗ ಕಾಫಿ ಚೆಲ್ಲಿತು. ಅವಳು ಅದಕ್ಕೂ ಬೈದಳು.

ನಾಲ್ಕನೇ ಮಂಗಳವಾರ ಅವನು ಬರುವುದು ತಡವಾಯಿತು. ತೀರ್ಥಮ್ಮ ಆರು ಸಲ ರಸ್ತೆ ನೋಡಿದಳು. ನೋಡಿದ ಪ್ರತಿ ಸಲವೂ ಅವಳಿಗೆ ಮೈಯೆಲ್ಲ ಉರಿಯಿತು. ಈ ಬೀದಿಯ ಹೆಂಗಸರಿಗೆ ಕಣ್ಣಿಲ್ಲವೆ? ವಿಧವೆಯ ಅಂಗಳಕ್ಕೆ ವಾರವಾರ ಬರುವವನು ಯಾರೆಂದು ಅವರು ಕೇಳದೆ ಇರುತ್ತಾರೆಯೆ? ಕೇಳಿದರೆ ಏನು ಹೇಳುವುದು? ಕಾರು ನೋಡಲು ಎನ್ನುವುದೆ?

ಒಂದು ಗಂಟೆಗೆ ಅವನು ಬೆವರುತ್ತಾ ಬಂದ.

"ಕಾಫಿ ಆರೋಯ್ತು," ಎಂದಳು.

"ಆರಿದ್ದೇ ಕೊಡಿ."

"ಕೊಡಲ್ಲ." ಒಳಗೆ ಹೋಗಿ ಪಾತ್ರೆ ಕುಕ್ಕಿ ಹೊಸದು ಮಾಡಿದಳು. ಲೋಟ ಕೊಡುವಾಗ ಅವನ ಬೆರಳು ತಾಗಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಇದು ಮುಗಿಯಬೇಕು ಎಂದು ಅವಳಿಗೆ ಆಗ ಅನಿಸಿತು. ಕಾರು ಹೋದರೆ ಇವನೂ ಹೋಗುತ್ತಾನೆ.

"ನಾಳೆ ಬೆಳಿಗ್ಗೆ ಬನ್ನಿ. ತರೀಕೆರೆಗೆ ಹೋಗಿ ಆರ್‌ಟಿಒ ಆಫೀಸಲ್ಲಿ ನಿಮ್ಮ ಹೆಸ್ರಿಗೆ ಮಾಡಿ ಕೊಡ್ತೀನಿ. ಆಮೇಲೆ ನಿಮ್ಮ ದಾರಿ ನಿಮಗೆ."

ಅವನ ಮುಖ ಬಾಡಿತು. "ಡ್ರೈವರ್ ಕರೆಸ್ಲಾ?"

"ಯಾಕೆ? ನಂಗೆ ಬರುತ್ತೆ."

ಮರುದಿನ, ಹತ್ತು ವರ್ಷದ ಮೇಲೆ ಅವಳ ಕಾಲು ಕ್ಲಚ್ ಮೇಲೆ ಊರಿತು. ಕಾರು ಎರಡು ಸಲ ಜಿಗಿದು ನಿಂತು, ಮೂರನೇ ಸಲಕ್ಕೆ ಹೊರಟಿತು. ಓಬಳಪ್ಪ ಚೀಲ ತಬ್ಬಿಕೊಂಡು ಪಕ್ಕದಲ್ಲಿ ಮುದುರಿ ಕುಳಿತಿದ್ದ.

ಗೇಟಿನ ಹತ್ತಿರ ಬರುವಾಗ ಅದು ಅವಳ ಕಣ್ಣೆದುರೇ ಇಳಿಯಿತು. ಹಿಂದೆ ಒಂದು ಟೆಂಪೋ ಬಂದು ನಿಂತು ಹಾರ್ನ್ ಹೊಡೆಯತೊಡಗಿತು.

"ಥೂ! ಇನ್ನೆಷ್ಟೊತ್ತು ಸಾಯ್ಬೇಕೋ."

ಓಬಳಪ್ಪ ಗಡಿಯಾರ ನೋಡಲಿಲ್ಲ, ಹಳಿಯ ಕಡೆಯೂ ನೋಡಲಿಲ್ಲ. ಎಷ್ಟೋ ವರ್ಷದ ಅಭ್ಯಾಸದಿಂದ ಮಾತು ತಾನಾಗಿ ಬಂತು.

"ಇನ್ನು ನಾಲ್ಕು ನಿಮಿಷ ಅಮ್ಮಾ."

ಸ್ಟೀರಿಂಗ್ ಮೇಲಿನ ಅವಳ ಕೈ ಕಲ್ಲಾಯಿತು. ಅದೇ ದನಿ. 'ಅಮ್ಮಾ' ಎನ್ನುವಾಗಿನ ಅದೇ ಎಳೆತ. ಅವಳು ನಿಧಾನವಾಗಿ ತಿರುಗಿದಳು. ಅವನು ತಲೆ ತಗ್ಗಿಸಿ ಕುಳಿತಿದ್ದ.

"ನೀನಾ?"

"ನಾನೇ."

"ಗೊತ್ತಿದ್ದೂ ನಮ್ಮನೆ ಕಾಫಿ ಕುಡಿದ್ಯಾ?"

"ಹತ್ತು ವರ್ಷ ಈ ನಂಬರ್ ಮರೆಯೋಕಾಗ್ಲಿಲ್ಲ. ಜಾಹೀರಾತಲ್ಲಿ ಕಂಡಾಗ ತಡ್ಕೊಳೋಕಾಗ್ಲಿಲ್ಲ. ಆವತ್ತು ರೈಲಿಗೆ ಸಿಗ್ನಲ್ ಕೊಟ್ಟಾಗಿತ್ತು. ಕೊಟ್ಟ ಮೇಲೆ ರೈಲು ದಾಟೋತನಕ ಗೇಟಿನ ಬೀಗ ತೆಗೆಯೋಕೆ ಬರಲ್ಲ. ಆದ್ರೂ ಎಳೆದು ನೋಡ್ದೆ, ಅಂಗೈ ಕಿತ್ತೋಯ್ತು. ನಿಮಗೆ ಏನಾದ್ರೂ ಕೊಡ್ಬೇಕು ಅನ್ನಿಸ್ತು. ಸುಮ್ನೆ ಕೊಟ್ರೆ ತಗೊಳಲ್ಲ ನೀವು. ಅದಕ್ಕೆ ಕಾರು..."

"ಜೀವಕ್ಕೆ ಒಂದು ಎಂಬತ್ತಾ? ಅದೂ ಕ್ಯಾಶ್?"

ಅವಳು ಆ ಚೀಲ ಕಿತ್ತುಕೊಂಡು ಕಿಟಕಿಯಿಂದ ಬೀಸಿ ಎಸೆದಳು. ಬಾಗಿಲು ತೆಗೆದು ಇಳಿದಳು. ಅವನೂ ಇಳಿದ. ಚೀಲದ ಕಡೆ ನೋಡಲೂ ಇಲ್ಲ. ಅವಳ ಎದುರು ಬಂದು ಕೈ ಜೋಡಿಸಿಕೊಂಡು ನಿಂತ, ಎಷ್ಟು ಬೇಕಾದರೂ ಹೊಡೆಯಲಿ ಎನ್ನುವವನ ಹಾಗೆ.

ಅವಳು ಬೈದಳು. ಹತ್ತು ವರ್ಷ ಗೋಡೆಗೆ ಬೈದದ್ದನ್ನೆಲ್ಲ ಅವನ ಮುಖಕ್ಕೆ ಬೈದಳು. ಅವನ ಕಣ್ಣಿಂದ ನೀರು ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಆ ಮುಖ ನೋಡುತ್ತಾ ಅವಳು ಬೈಯುವುದನ್ನು ನಿಲ್ಲಿಸಿದಳು. ಈ ಮನುಷ್ಯ ಅವಳ ಸುಳ್ಳನ್ನು ಹತ್ತು ವರ್ಷ ನಂಬಿದ್ದಾನೆ. ಊರಿನವರಿಗಿಂತ ಗಟ್ಟಿಯಾಗಿ ನಂಬಿದ್ದಾನೆ.

ರೈಲು ಬಂತು. ಆ ಸದ್ದಿನಲ್ಲಿ ಅವಳು ಅದನ್ನು ಹೇಳಿದಳು. ಯಾರಿಗೂ ಕೇಳಿಸದೆಂಬ ಧೈರ್ಯದಲ್ಲಿ ಪೂರ್ತಿ ಹೇಳಿದಳು. ಕೊನೆಯ ಬೋಗಿ ದಾಟಿತು. ಗಾಳಿ ನಿಂತಿತು.

"ಏನಂದ್ರಿ? ಕೇಳಿಸ್ಲಿಲ್ಲ," ಎಂದ ಓಬಳಪ್ಪ.

ಏನಿಲ್ಲ ಎನ್ನಬಹುದಿತ್ತು. ಸಿಟ್ಟು ಮಾಡಿಕೊಳ್ಳಲು ಒಬ್ಬನು ಉಳಿದಿರುತ್ತಿದ್ದ. ಅವನು ಹೋದರೆ ಸಿಟ್ಟು ಯಾರ ಮೇಲೆ ಹೊರಳುತ್ತದೆಂದು ಅವಳಿಗೆ ಗೊತ್ತಿತ್ತು.

"ಗೇಟಿಗೆ ಬರೋಕ್ಮುಂಚೆನೇ ಹೋಗಿತ್ತು ಜೀವ," ಎಂದಳು. "ಆ ಕೆರೆ ತಿರುವಲ್ಲಿ. ಗೇರ್ ಮೇಲಿದ್ದ ನನ್ನ ಕೈ ಹಿಡ್ಕೊಂಡಿದ್ರು. ಹಿಡಿ ಬಿಟ್ಟೋಯ್ತು. ತಣ್ಣಗಾಯ್ತು. ನಂಗೆ ಆಗ್ಲೇ ಗೊತ್ತಾಯ್ತು. ಗೊತ್ತಾದ ಮೇಲೂ ನಿಮ್ಮ ಮೇಲೆ ಕೂಗಾಡ್ದೆ."

ಅವನು ಜೋಡಿಸಿದ್ದ ಕೈ ಇಳಿಸಿದ.

"ಬೆಳಿಗ್ಗೆನೇ ಎದೆ ಉರಿ ಅಂದಿದ್ರು. ಕ್ಯಾಶ್ ಕೊಟ್ಟು ತಂದ್ರಲ್ಲ, ಆ ಕಾರನ್ನೇ ತಬ್ಕೊಂಡು ಮಲಗಿ ಅಂದೆ. ಅಂದೋಳು ನಾನು. ಗೇಟು ಹಾಕಿರ್ಲಿಲ್ಲ ಅಂದ್ರೆ ನಾನು ಯಾರ್ನ ಬೈಕೊಂಡು ಬದುಕ್ಲಿ, ಹೇಳಿ!"

ಗೇಟು ಮೇಲೆದ್ದಿತು. ಟೆಂಪೋದವನು ಹಾರ್ನ್ ಹೊಡೆದು, ಬೈದು, ಪಕ್ಕದಿಂದ ದಾಟಿ ಹೋದ. ಓಬಳಪ್ಪ ಮಣ್ಣಿನಲ್ಲೇ ಕುಳಿತು ಅತ್ತ. ಹತ್ತು ವರ್ಷ ಹೊತ್ತದ್ದನ್ನು ಇಳಿಸಲು ಅವನಿಗೆ ಅಷ್ಟು ಹೊತ್ತು ಬೇಕಾಯಿತು. ಅವಳು ಪಕ್ಕದಲ್ಲಿ ನಿಂತಿದ್ದಳು. ತನಗೆ ಅಳು ಬಾರದ್ದಕ್ಕೆ ಅವಳಿಗೆ ಸಿಟ್ಟು ಬಂತು. ಆಮೇಲೆ ಬಂತು, ಅಳು.

"ಏಳಿ," ಎಂದಳು ಕಣ್ಣೊರೆಸಿಕೊಂಡು. "ದುಡ್ಡು ಎತ್ಕೊಳ್ಳಿ. ಕಾರು ಮಾರಲ್ಲ."

ಅವನು ಚೀಲ ಕೊಡವಿದ. "ಹಂಗಾದ್ರೆ ಇಲ್ಲಿಂದ ಬಸ್ ಹಿಡೀತೀನಿ. ಮಂಗಳವಾರ ಬರೋಕೆ ಇನ್ನೇನು ನೆಪ ಐತೆ ನಂಗೆ?"

"ಡ್ರೈವಿಂಗ್ ಕಲಿಯೋಕೆ ಬನ್ನಿ. ಕಾವಲಿನಲ್ಲಿ ಕಲಿಸ್ತೀನಿ. ನಂಗೆ ಸಿಟ್ಟು ಜಾಸ್ತಿ. ಬೈತೀನಿ."

"ಹತ್ತು ವರ್ಷ ಹಿಂದಿನಿಂದ ಬೈಸ್ಕೊಂಡಿದೀನಿ. ಎದುರಿಗೇ ಬೈದ್ರೆ ಸುಖ."

"ಬಾಯಿಗೇನೂ ಕಮ್ಮಿ ಇಲ್ಲ. ಹತ್ತಿ."

"ಎಲ್ಲಿಗೆ?"

"ಎಲ್ರೂ ಎಲ್ಲಿಗೆ ಹೋಗ್ತಾರೆ ಅಂತ ಕೇಳ್ಬೇಕು ಅಂತಿದ್ರಲ್ಲ. ಗೇಟಿನಾಚೆ ಏನೈತೆ ತೋರಿಸ್ತೀನಿ."

ಅವನು ಹತ್ತಿದ. ಅವಳು ಕೀ ತಿರುಗಿಸಿ ಗೇರಿನ ಮೇಲೆ ಕೈಯಿಟ್ಟಳು. ಓಬಳಪ್ಪ ಹೆದರುತ್ತಾ ತನ್ನ ಕೈಯನ್ನು ಅವಳ ಕೈ ಮೇಲಿಟ್ಟ. ಒರಟು ಕೈ, ಅಂಗೈಯಲ್ಲಿ ಹಳೆಯ ಗಾಯದ ಗೆರೆ. ಬೆಚ್ಚಗಿತ್ತು.

"ಕೈ ತೆಗೀರಿ, ಗೇರ್ ಹಾಕ್ಬೇಕು," ಎಂದಳು ಸಿಡುಕಿ.

ಅವನು ತೆಗೆಯಲಿಲ್ಲ. ಅವಳು ಎರಡನೇ ಸಲ ಹೇಳಲಿಲ್ಲ.